ಎಡ್ನಾ ಊರಿನ ಐದು ಗಂಟೆ

ಮಲವಗೊಪ್ಪ

ಅಮೆರಿಕಕ್ಕೆ ಹೊರಟ ನಾನು ಮೊದಲು ಸಿಕ್ಕಿಹಾಕಿಕೊಂಡದ್ದು ಮಲವಗೊಪ್ಪದಲ್ಲಿ. ಭದ್ರಾವತಿಯಲ್ಲಿ ಹತ್ತಿದ ಬಸ್ಸು ಶಿವಮೊಗ್ಗ ಮುಟ್ಟುವ ಮೊದಲೇ ಅಲ್ಲಿ ಪಂಕ್ಚರ್ ಆಯಿತು. ಸ್ಟೆಪ್ನಿಯೂ ಪಂಕ್ಚರ್ ಆಗಿದೆ ಎಂಬ ಸುದ್ದಿಯನ್ನು ಕಂಡಕ್ಟರ್ ಬಹಳ ಸಮಾಧಾನದಿಂದ ಎಲ್ಲರಿಗೂ ತಿಳಿಸಿದ. ನಾನು ಕೋಟು ಹಾಕಿಕೊಂಡೇ ರಸ್ತೆ ಬದಿಯಲ್ಲಿ ಸೂಟ್‌ಕೇಸಿನ ಮೇಲೆ ಕುಳಿತೆ. ಅರ್ಧ ಗಂಟೆಯ ಮೇಲೆ ಶಂಕರಘಟ್ಟದಿಂದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ತುಂಬಿಕೊಂಡು ಬಂದ ಬಸ್ಸು ನನ್ನನ್ನೂ ತುಂಬಿಕೊಂಡಿತು. ಇಂಟರ್‌ವ್ಯೂಗೆ ಹೊರಟಿದ್ದೀರಾ ಎಂದು ಒಬ್ಬ ಕೇಳಿದ. ಅಮೆರಿಕಕ್ಕೆ ಎಂದೆ. ಬಸ್ಸಿನ ಹಿಂದಿನ ಅರ್ಧ ಭಾಗ ಶಿವಮೊಗ್ಗ ಬರುವವರೆಗೂ ನಗುತ್ತಿತ್ತು.

ಅವರನ್ನು ಬೈದು ಫಲವಿಲ್ಲ. ತೊಂಬತ್ತರ ದಶಕದ ಕೊನೆಯ ಆ ವರ್ಷ ನನಗೇ ನಂಬಿಕೆ ಇರಲಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಶಿವಮೊಗ್ಗದ ಒಂದು ಸೇವಾ ಕ್ಲಬ್ಬಿನವರು 'ಯುವ ವೃತ್ತಿಪರರ ತಂಡ' ಎಂದು ಐದು ಜನರನ್ನು ಒಂದು ತಿಂಗಳು ಅಮೆರಿಕ ನೋಡಿ ಬರಲು ಕಳಿಸುತ್ತಿದ್ದರು. ಐವರಲ್ಲಿ ಒಬ್ಬರಿಗೆ ವೀಸಾ ಸಿಗಲಿಲ್ಲ. ಕ್ಲಬ್ಬಿನ ಅಧ್ಯಕ್ಷರಿಗೆ ಒಂದು ಅಕ್ಕಿ ಗಿರಣಿ ಇತ್ತು. ಅದರ ಕೆಟ್ಟ ಬಾಯ್ಲರನ್ನು ಒಂದು ಭಾನುವಾರ ನಾನು ಸರಿಮಾಡಿಕೊಟ್ಟಿದ್ದೆ. ಹೀಗಾಗಿ ನಲವತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಯುವ ವೃತ್ತಿಪರನಾದೆ.

ತಂಡದ ಲೀಡರು ಡಾಕ್ಟರ್ ರೇಣುಕಪ್ಪ. ಶಿವಮೊಗ್ಗದ ರಾಗಿಗುಡ್ಡದ ಕಡೆ ಮನೆ, ಪೇಟೆಯಲ್ಲಿ ಹಲ್ಲಿನ ಆಸ್ಪತ್ರೆ. ಅಡಿಕೆ ಜಗಿಯುವವರ ಬಾಯಿಯೊಳಗಿನ ಸ್ಲೈಡುಗಳ ಒಂದು ಡಬ್ಬಿಯನ್ನು ಅವರು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡೇ ವಿಮಾನದಲ್ಲಿ ಕುಳಿತಿದ್ದರು. ನನ್ನ ಕೈಚೀಲದಲ್ಲಿ ಅದಕ್ಕಿಂತ ಅಮೂಲ್ಯವಾದ ಕಡತ ಇತ್ತು. ಹೊರದೇಶದಲ್ಲಿ ಯಾವಾಗ ಯಾವ ಕಾಗದ ಕೇಳುತ್ತಾರೋ ಎಂದು ಭಾವಮೈದ ಹೆದರಿಸಿದ್ದರಿಂದ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ರೇಷನ್ ಕಾರ್ಡಿನವರೆಗೆ ಎಲ್ಲದರ ಜೆರಾಕ್ಸ್ ಮಾಡಿಸಿ, ಒಂದೊಂದರ ಮೇಲೂ ಗೆಜೆಟೆಡ್ ಅಧಿಕಾರಿಯ ಸೀಲು ಹಾಕಿಸಿಕೊಂಡು ಹೊರಟಿದ್ದೆ.

ಹೆಂಡತಿ ಸರೋಜ ಕ್ವಾರ್ಟರ್ಸ್ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ್ದಳು.

"ಅಲ್ಲಿ ಯಾರ ಮನೆ ಮಿಷಿನ್ನೂ ಬಿಚ್ಬೇಡಿ. ನೋಡ್ಕೊಂಡು ಬನ್ನಿ, ಅಷ್ಟೆ."

ವಾಲ್ಟರ್ ಮನೆ

ಒರೆಗಾನ್ ಎಂಬ ರಾಜ್ಯದ ಗುಡ್ಡಗಾಡಿನ ಒಂದು ಸಣ್ಣ ಊರಿನಲ್ಲಿ ನಮ್ಮ ಕೊನೆಯ ವಾರ. ತಂಡದವರನ್ನು ಆ ಊರಿನವರು ಮನೆಮನೆಗೆ ಹಂಚಿಕೊಂಡರು. ನಾನೂ ಡಾಕ್ಟರೂ ವಾಲ್ಟರ್ ಎಂಬವರ ಪಾಲಿಗೆ ಬಂದೆವು. ಎಂಬತ್ತು ದಾಟಿದ ಒಣಕಲು ಮನುಷ್ಯ, ಎರಡು ಕಿವಿಗೂ ಕೇಳುವ ಯಂತ್ರ. ಮಗಳು ಜಾನೆಟ್ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಹೆಂಗಸೊಬ್ಬಳು ಅಷ್ಟು ದೊಡ್ಡ ಬಸ್ಸನ್ನು ಹಿಂದಕ್ಕೆ ತಿರುಗಿಸುವುದನ್ನು ನೋಡಿ ಡಾಕ್ಟರು ಫೋಟೋ ತೆಗೆದುಕೊಂಡರು.

ಆ ಜನರ ಎರಡು ಅಭ್ಯಾಸ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಮೊದಲನೆಯದು, ಚೆನ್ನಾಗಿದ್ದೀರಾ ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೋಗಿಬಿಡುವುದು. ನಾನು ಮಂಡಿನೋವಿನ ವಿಷಯ ಶುರು ಮಾಡುವಷ್ಟರಲ್ಲಿ ಎದುರಿಗೆ ಯಾರೂ ಇರುತ್ತಿರಲಿಲ್ಲ. ಎರಡನೆಯದು, ಒಂದು ಸಲ ಬೇಡ ಎಂದರೆ ಬೇಡ ಎಂದೇ ತಿಳಿಯುವುದು. ನಮ್ಮಲ್ಲಿ ಮೂರನೆಯ ಸಲಕ್ಕೆ ತಟ್ಟೆ ಒಡ್ಡುವುದು ಮರ್ಯಾದೆ. ಆ ಲೆಕ್ಕದಲ್ಲಿ ಮೊದಲ ರಾತ್ರಿ ನಾನೂ ಡಾಕ್ಟರೂ ಬರೀ ಮರ್ಯಾದೆ ಉಂಡು ಮಲಗಿದೆವು.

ಆದ್ದರಿಂದ ಮರುದಿನ ಬೆಳಗ್ಗೆ ಸರೋಜ ಕಟ್ಟಿಕೊಟ್ಟ ಅವಲಕ್ಕಿಗೆ ನಾನೇ ಒಗ್ಗರಣೆ ಹಾಕಲು ನಿಂತೆ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದದ್ದೇ ತಡ, ಮಾಡಿನಲ್ಲಿದ್ದ ಹೊಗೆ ಪತ್ತೆ ಹಚ್ಚುವ ಡಬ್ಬಿ ಮನೆ ಹಾರಿಹೋಗುವಂತೆ ಕೂಗಿಕೊಂಡಿತು. ಡಾಕ್ಟರು ಲುಂಗಿಯಲ್ಲಿ ಹೊರಗೋಡಿ, ಕಾಂಪೌಂಡೇ ಇಲ್ಲದ ಆ ಮನೆಯ ಹುಲ್ಲಿನ ಮೇಲೆ ಇಡೀ ಬೀದಿಗೆ ದರ್ಶನ ಕೊಟ್ಟರು. ವಾಲ್ಟರ್ ಕಿವಿಯ ಯಂತ್ರ ಹಾಕಿಕೊಂಡಿರಲಿಲ್ಲವಾಗಿ ಕಾಫಿ ಕುಡಿಯುತ್ತಲೇ ಇದ್ದರು. ಜಾನೆಟ್ ಟವೆಲ್ ಬೀಸಿ ಬೀಸಿ ಅದರ ಬಾಯಿ ಮುಚ್ಚಿಸಿದಳು. ಆಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಎಲ್ಲರೂ ಓಡುವ ಹೊತ್ತಿನಲ್ಲಿ ನೀನೇಕೆ ನೆಟ್ಟಗೆ ನಿಂತು ಕೈಗಡಿಯಾರ ನೋಡಿದೆ?

ನಾನು ನೋಡಿದ್ದು ನನಗೇ ಗೊತ್ತಿರಲಿಲ್ಲ. ನಮ್ಮೂರಿನ ವಿಷಯ ಹೇಳಿದೆ. ಭದ್ರಾವತಿಯಲ್ಲಿ ಪಾಳಿ ಬದಲಾಗುವಾಗ ಕಾರ್ಖಾನೆಯ ಸೈರನ್ ಕೂಗುತ್ತದೆ. ಅದು ಕೂಗಿದಾಗ ಹಾಲು ಉಕ್ಕುತ್ತಿದ್ದರೂ ಜನ ಗಡಿಯಾರ ನೋಡುತ್ತಾರೆ. ಸೈರನ್ ಸರಿಯಿದೆಯೇ ಎಂದಲ್ಲ, ಗಡಿಯಾರ ಸರಿಯಿದೆಯೇ ಎಂದು. ನಾಲ್ಕು ಭಾಷೆಯ ಜನ ಇರುವ ಊರಿನಲ್ಲಿ ಎಲ್ಲರಿಗೂ ಅರ್ಥವಾಗುವ ಮಾತು ಅದೊಂದೇ.

ಜಾನೆಟ್ ತಂದೆಯ ಕಿವಿಗೆ ಯಂತ್ರ ಸಿಕ್ಕಿಸಿ, ಇದನ್ನು ಅಪ್ಪನಿಗೆ ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ. ವಾಲ್ಟರ್ ಲೋಟ ಕೆಳಗಿಟ್ಟು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ನಾಳೆ ಶನಿವಾರ ನನ್ನ ಜೊತೆ ಎಡ್ನಾಕ್ಕೆ ಬರುತ್ತೀಯಾ ಎಂದರು.

ಎಡ್ನಾ ದಾರಿ

ಎಡ್ನಾ ಒಂದು ಊರಿನ ಹೆಸರು. ಅದಕ್ಕೂ ಮೊದಲು ಅದು ಒಬ್ಬ ಮರದ ಕಂಪನಿ ಮಾಲೀಕನ ಹೆಂಡತಿಯ ಹೆಸರು. ಆಕೆ ಆ ಊರಿಗೆ ಒಂದು ದಿನವೂ ಬಂದವಳಲ್ಲವಂತೆ. ಬಂದಿದ್ದರೆ ಹೆಸರು ವಾಪಸ್ಸು ಕೇಳುತ್ತಿದ್ದಳು ಎಂದು ವಾಲ್ಟರ್ ಹೇಳಿದರು. ಮಗಳು ಕಾರು ಓಡಿಸುತ್ತಿದ್ದಳು, ನಾನೂ ಡಾಕ್ಟರೂ ಹಿಂದಿನ ಸೀಟಿನಲ್ಲಿ. ಹೆದ್ದಾರಿಯಲ್ಲೂ ಅದು ಮುಗಿದು ಬಂದ ಕಾಡಿನ ಮಣ್ಣು ರಸ್ತೆಯಲ್ಲೂ ವಾಲ್ಟರ್ ಆ ಊರಿನ ಕತೆ ಹೇಳುತ್ತಾ ಹೋದರು.

ಮೊದಲು ಅಲ್ಲಿ ಏನೂ ಇರಲಿಲ್ಲ, ಮರ ಮಾತ್ರ. ಆರು ಜನ ಕೈ ಹಿಡಿದುಕೊಂಡರೂ ತಬ್ಬಲಾಗದ ಮರಗಳು. ಕಂಪನಿ ಬಂತು, ರೈಲು ಹಾಕಿತು, ತೊರೆಗೆ ಕಟ್ಟೆ ಕಟ್ಟಿ ದಿಮ್ಮಿ ತೇಲಿಸುವ ಕೊಳ ಮಾಡಿತು, ಕೊಳದ ದಡದಲ್ಲಿ ಗರಗಸದ ಮಿಲ್ಲು ಕಟ್ಟಿತು. ಮನೆ ಕಂಪನಿಯದು, ಅಂಗಡಿ ಕಂಪನಿಯದು, ಶಾಲೆ ಕಂಪನಿಯದು, ಡಾಕ್ಟರು ಕಂಪನಿಯವರು. ಪಾದ್ರಿಯೂ ಕಂಪನಿಯವನೇ ಆದ್ದರಿಂದ ಪ್ರಾರ್ಥನೆ ಪಾಳಿಯ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ಸಾಹೇಬರ ಬಂಗಲೆಗಳು ಗುಡ್ಡದ ಮೇಲೆ, ಮೇಸ್ತ್ರಿಗಳ ಮನೆಗಳು ಅದರ ಕೆಳಗೆ, ಕೂಲಿಯವರ ಮನೆಗಳು ಹೊಗೆ ಬೀಳುವ ಕಡೆ.

ಇಷ್ಟನ್ನು ಕೇಳಲು ನಾನು ಅರ್ಧ ಭೂಮಿ ಸುತ್ತಿ ಬರಬೇಕಿರಲಿಲ್ಲ. ನಮ್ಮ ಕ್ವಾರ್ಟರ್ಸಿನಲ್ಲೂ ಮನೆಯ ನಂಬರು ಕೇಳಿದರೆ ಸಾಕು, ಆ ಮನೆಯ ಫ್ಯಾನುಗಳೆಷ್ಟು ಎಂದು ಹೇಳಬಹುದು. ನಮ್ಮೂರಿನ ಕುಲುಮೆಗೂ ಒಂದು ಕಾಲದಲ್ಲಿ ಕಾಡಿನ ಸೌದೆ ಇದ್ದಿಲೇ ಆಹಾರವಾಗಿತ್ತೆಂದು ನನ್ನ ಅಜ್ಜ ಹೇಳುತ್ತಿದ್ದ. ಅದನ್ನು ವಾಲ್ಟರ್‌ಗೆ ಹೇಳಿದೆ. ಕಾಡು ಮುಗಿದ ಮೇಲೆ ಏನು ಮಾಡಿದಿರಿ ಎಂದು ಕೇಳಿದರು. ಕಲ್ಲಿದ್ದಲು ತರಿಸಿದೆವು ಎಂದೆ. ನಮ್ಮವರಿಗೆ ಅದು ಹೊಳೆಯಲಿಲ್ಲ ಎಂದರು.

ಎಡ್ನಾದಲ್ಲಿ ಮರ ಮುಗಿಯಿತು. ಎಟಕುವಷ್ಟು ದೂರದ್ದೆಲ್ಲ ಕಡಿದಾದ ಮೇಲೆ ಕಂಪನಿ ಒಂದು ದಿನ ಬಾಗಿಲಿಗೆ ಚೀಟಿ ಅಂಟಿಸಿತು. ಮನೆಗಳನ್ನು ಯಾರು ಬೇಕಾದರೂ ಹೊತ್ತುಕೊಂಡು ಹೋಗಬಹುದು ಎಂದಿತು. ಜನ ನಿಜವಾಗಿಯೂ ಹೊತ್ತುಕೊಂಡು ಹೋದರು! ಮರದ ಮನೆಗಳಲ್ಲವೇ, ನಡುವಿಗೆ ಗರಗಸ ಹಾಕಿ ಎರಡು ತುಂಡು ಮಾಡಿ, ಲಾರಿಯ ಮೇಲೆ ಏರಿಸಿ, ಪಕ್ಕದ ಊರುಗಳಲ್ಲಿ ಮತ್ತೆ ಜೋಡಿಸಿಕೊಂಡರು. ವಾಲ್ಟರ್ ಹುಟ್ಟಿದ ಮನೆ ಈಗ ಹೆದ್ದಾರಿಯ ಬದಿ ಯಾರದೋ ಕೋಳಿ ಫಾರಂ. ಜಾನೆಟ್ ಅದನ್ನು ತೋರಿಸಿದಳು. ಅವರು ಮಲಗುತ್ತಿದ್ದ ಕೋಣೆಯ ಕಿಟಕಿಯಲ್ಲಿ ಒಂದು ಹುಂಜ ನಿಂತಿತ್ತು.

ಇಷ್ಟರವರೆಗೆ ಅವರು ನಗುತ್ತಲೇ ಹೇಳಿದ್ದರು. ಕೊನೆಯ ದಿನದ ಮಾತು ಬಂದಾಗ ದನಿ ಇಳಿಯಿತು.

ವಾಲ್ಟರ್ ತಂದೆ ಆ ಮಿಲ್ಲಿನ ಬಾಯ್ಲರ್ ನೋಡಿಕೊಳ್ಳುವವರು, ನನ್ನ ಹಾಗೆಯೇ. ಸಂಜೆ ಐದಕ್ಕೆ ಆವಿಯ ಸೀಟಿ ಊದುವುದು ಅವರ ಕೆಲಸ. ಅದು ಊದಿದರೆ ಪಾಳಿ ಮುಗಿಯಿತೆಂದು ಅರ್ಥ. ಕೊನೆಯ ದಿನ ಬಾಯ್ಲರ್ ಕೊಂಡವರು ಬೇಗ ಬಂದುಬಿಟ್ಟರು. ಮಧ್ಯಾಹ್ನವೇ ಬೆಂಕಿ ತೆಗೆಯಲು ಹುಕುಂ ಆಯಿತು. ಉಳಿದವರು ಮಿಲ್ಲು ಗುಡಿಸುತ್ತಾ ಇದ್ದರು. ಐದಾಯಿತು, ಆವಿಯಿಲ್ಲ, ಸೀಟಿಯಿಲ್ಲ. ಊಟದ ಡಬ್ಬಿ ಹಿಡಿದುಕೊಂಡು ಎಲ್ಲರೂ ಅಂಗಳದಲ್ಲಿ ನಿಂತರು. ಮನೆಗೆ ಹೋಗಬಹುದೇ ಇಲ್ಲವೇ ಯಾರಿಗೂ ತಿಳಿಯಲಿಲ್ಲ. ಹದಿನೆಂಟರ ವಾಲ್ಟರ್ ಕೂಡ ಅವರಲ್ಲಿ ಒಬ್ಬ. ತಂದೆ ಬಾಯ್ಲರ್ ಮನೆಯ ಬಾಗಿಲಿಗೆ ಬಂದು, ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾ ನಿಂತರಂತೆ. ಬಹಳ ಹೊತ್ತಿನ ಮೇಲೆ ಒಬ್ಬೊಬ್ಬರೇ ಚದುರಿದರು. ಅದು ತನ್ನದೇ ತಪ್ಪು ಎಂಬಂತೆ ತಂದೆ ಸಾಯುವವರೆಗೂ ಕೊರಗಿದರಂತೆ.

"ಆ ಪಾಳಿ ಇನ್ನೂ ಮುಗಿದಿಲ್ಲ" ಎಂದರು ವಾಲ್ಟರ್.

ಪ್ರತಿ ಬೇಸಿಗೆ ಎಡ್ನಾದ ಹಳಬರು ಒಂದು ದಿನ ಅಲ್ಲಿ ಸೇರುತ್ತಿದ್ದರು. ಸೀಟಿಯನ್ನು ಯಾರೋ ಗುಜರಿಯಿಂದ ಬಿಡಿಸಿ ತಂದಿದ್ದರು. ಪ್ರತಿ ವರ್ಷ ಗಾಳಿಯ ಪಂಪಿನಿಂದ ಅದನ್ನು ಊದಿಸಲು ನೋಡುವುದು, ಅದು ಆಡಿನಂತೆ ಕೆಮ್ಮುವುದು. ಈಗ ಆ ಜಾಗ ಬೇರೊಂದು ಕಂಪನಿಯ ಕೈಗೆ ಹೋಗಿತ್ತು, ಮುಂದಿನ ವರ್ಷದಿಂದ ರಸ್ತೆಗೆ ಗೇಟು. ಹಾಗಾಗಿ ಈ ಸಲವೇ ಕೊನೆ. ಈ ಸಲ ಒಬ್ಬ ಹವ್ಯಾಸಿ ತನ್ನ ಹಳೆಯ ಆವಿ ಟ್ರ್ಯಾಕ್ಟರನ್ನೇ ತರುತ್ತಿದ್ದ. ನಿಜವಾದ ಆವಿ, ಸಂಜೆ ಐದಕ್ಕೆ.

ಎಡ್ನಾ

ಊರು ಎಲ್ಲಿ ಎಂದು ಡಾಕ್ಟರು ಕೇಳಿದರು. ನಾವು ಊರಿನ ನಡುವೆಯೇ ನಿಂತಿದ್ದೆವು. ಎದೆಯೆತ್ತರದ ಹುಲ್ಲು, ಅಲ್ಲಲ್ಲಿ ಎಲ್ಲಿಗೂ ಹೋಗದ ಎರಡು ಮೂರು ಕಲ್ಲಿನ ಮೆಟ್ಟಿಲು, ಮೆಟ್ಟಿಲ ಪಕ್ಕ ಕಾಡುಬಿದ್ದ ಸೇಬಿನ ಗಿಡ. ದೂರದಲ್ಲಿ ಬಾಯ್ಲರಿನ ಕಾಂಕ್ರೀಟು ಪೀಠ. ಮೂವತ್ತು ನಲವತ್ತು ಮುದುಕ ಮುದುಕಿಯರು ಮಡಚುವ ಕುರ್ಚಿ ಹಾಕಿಕೊಂಡು, ಮನೆಯಿಂದ ತಂದ ತಿಂಡಿಗಳನ್ನು ಒಂದೇ ಮೇಜಿನ ಮೇಲಿಟ್ಟು ಹರಟುತ್ತಿದ್ದರು. ಇಲ್ಲದ ಊರಿನಲ್ಲೂ ಗುಡ್ಡದ ಮೇಲಿನ ಬಂಗಲೆಯವರು ಬೇರೆಯಾಗಿಯೇ ಕುಳಿತಿದ್ದರು.

ಮಧ್ಯಾಹ್ನ ಟ್ರ್ಯಾಕ್ಟರಿಗೆ ಬೆಂಕಿ ಹಾಕಿ ಪರೀಕ್ಷೆ ಮಾಡಿದರು. ಆವಿ ಚೆನ್ನಾಗಿ ಎದ್ದಿತು. ಸೀಟಿ ಮಾತ್ರ 'ಫುಸ್' ಎಂದಿತು. ಇನ್ನೊಮ್ಮೆಯೂ ಅಷ್ಟೆ. ಮುದುಕರೆಲ್ಲ ಬೇರೆ ಕಡೆ ನೋಡಿದರು. ವಾಲ್ಟರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಸರೋಜಳ ಮಾತು ನೆನಪಿತ್ತು. ಆದರೂ ಕೈ ತಡೆಯಲಿಲ್ಲ. ಹತ್ತಿರ ಹೋಗಿ ನೋಡಿದೆ. ಸೀಟಿಗೆ ಪ್ರತಿ ವರ್ಷವೂ ಪ್ರೀತಿಯಿಂದ ಬೆಳ್ಳಿಬಣ್ಣ ಬಳಿದಿದ್ದರು. ಅಷ್ಟೂ ವರ್ಷದ ಬಣ್ಣ ಒಂದರ ಮೇಲೊಂದು ಕೂತು, ಆವಿ ಹೊರಬರುವ ಕೂದಲೆಳೆಯಂಥ ಸೀಳು ಪೂರ್ತಿ ಮುಚ್ಚಿಹೋಗಿತ್ತು. ನಮ್ಮಲ್ಲಿ ಆಯುಧಪೂಜೆಗೆ ಮೀಟರಿನ ಗಾಜಿಗೂ ಗಂಧ ಕುಂಕುಮ ಮೆತ್ತಿ, ಮರುದಿನ ಮುಳ್ಳು ಕಾಣುವುದಿಲ್ಲ ಎಂದು ಬೈಯುವವರು ನಾವೇ. ನನಗೆ ಗುರುತು ಹತ್ತಲು ತಡವಾಗಲಿಲ್ಲ.

ಬಿಚ್ಚಬೇಕು ಎಂದೆ. ಟ್ರ್ಯಾಕ್ಟರಿನವನು ಎರಡಾಳು ಗಾತ್ರದ ಮನುಷ್ಯ, ಆವಿಯ ಹತ್ತಿರ ಬರಲು ನಿನಗೆ ಲೈಸೆನ್ಸ್ ಇದೆಯೇ ಎಂದು ಅಡ್ಡ ನಿಂತ. ಇಡೀ ತಿಂಗಳು ನಾನು ಕಾಯುತ್ತಿದ್ದ ಪ್ರಶ್ನೆ ಅದು. ಕೈಚೀಲದಿಂದ ಬಾಯ್ಲರ್ ಸರ್ಟಿಫಿಕೇಟಿನ ಜೆರಾಕ್ಸ್ ತೆಗೆದು ಕೊಟ್ಟೆ. ಅವನು ಅದನ್ನು ಓದಿ, ಗೆಜೆಟೆಡ್ ಅಧಿಕಾರಿಯ ನೇರಳೆ ಸೀಲಿನ ಮೇಲೆ ಬೆರಳಾಡಿಸಿ, ಗೌರವದಿಂದ ದಾರಿ ಬಿಟ್ಟ. ನಮ್ಮ ಸರ್ಕಾರದ ಸೀಲಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಸೀಳಿನೊಳಗೆ ಹೋಗುವಷ್ಟು ಸಣ್ಣ ಉಪಕರಣ ಅಲ್ಲಿ ಯಾರ ಹತ್ತಿರವೂ ಇರಲಿಲ್ಲ, ಒಬ್ಬರ ಹೊರತು. ಹಿಂದಿನ ವಾರ ಅಮೆರಿಕದ ಹಲ್ಲಿನ ಡಾಕ್ಟರೊಬ್ಬರು ರೇಣುಕಪ್ಪನವರಿಗೆ ಹೊಚ್ಚಹೊಸ ಉಪಕರಣಗಳ ಪೆಟ್ಟಿಗೆಯೊಂದನ್ನು ಉಡುಗೊರೆ ಕೊಟ್ಟಿದ್ದರು. ಕಳ್ಳರ ಭಯಕ್ಕೆ ಡಾಕ್ಟರು ಅದನ್ನು ಹೋದಲ್ಲೆಲ್ಲ ಹೊತ್ತು ತಿರುಗುತ್ತಿದ್ದರು.

"ಮಾರಾಯ, ಇದು ಹಲ್ಲಿಗೆ ಕಣೋ, ಕಬ್ಬಿಣಕ್ಕಲ್ಲ" ಎಂದು ಪೆಟ್ಟಿಗೆಯನ್ನು ಎದೆಗೊತ್ತಿಕೊಂಡರು.

"ಡಾಕ್ಟ್ರೇ, ಆ ಮುದುಕ್ರ ಮುಖ ಒಂದ್ಸಲ ನೋಡಿ."

ಡಾಕ್ಟರು ನೋಡಿದರು. ವಾಲ್ಟರ್ ಗಡಿಯಾರ ನೋಡುತ್ತಾ ನಿಂತಿದ್ದರು. ಡಾಕ್ಟರು ಏನೋ ಗೊಣಗಿಕೊಂಡು ಕೋಟು ಬಿಚ್ಚಿ, ಕುರ್ಚಿ ಎಳೆದುಕೊಂಡು, ಸೀಟಿಯನ್ನು ತೊಡೆಯ ನಡುವೆ ಇಟ್ಟುಕೊಂಡರು. ಅವರಿಗೆ ಕೆಲಸ ಹತ್ತಿತೆಂದರೆ ಬಿಡುವವರಲ್ಲ. ಎರಡು ಗಂಟೆ ಕಾಲ ಸೀಳಿನ ಸುತ್ತ ಕೆರೆದು ಕೆರೆದು ಬೆಳ್ಳಿಬಣ್ಣದ ಪದರ ತೆಗೆದರು. ನಡುವೆ ಒಂದು ಸಲ ಸೀಟಿಗೆ ಬಾಯಿ ಇನ್ನೂ ಅಗಲ ಮಾಡು ಎಂದೂ ಹೇಳಿದರು. ಕನ್ನಡದಲ್ಲಿ ಹೇಳಿದ್ದರಿಂದ ಮಾನ ಉಳಿಯಿತು.

ನಾಲ್ಕೂವರೆಗೆ ಮತ್ತೆ ಜೋಡಿಸಿ ವಾಲ್ವ್ ತಿರುಗಿಸಿದೆವು. ಸೀಟಿ ಒಂದು ಕ್ಷಣ ಗುಳುಗುಳು ಎಂದು, ಬಿಸಿನೀರನ್ನು ಡಾಕ್ಟರ ಬೂಟಿನ ಮೇಲೆ ಉಗುಳಿ ಸುಮ್ಮನಾಯಿತು. ನಾನು ಪೈಪು ನೋಡಿದೆ. ಟ್ರ್ಯಾಕ್ಟರಿನಿಂದ ಸೀಟಿಯವರೆಗೆ ಹಾಕಿದ್ದ ಉದ್ದ ಪೈಪು ನಡುವೆ ಜೋತುಬಿದ್ದಿತ್ತು. ಆವಿ ಅಲ್ಲಿ ತಣಿದು ನೀರಾಗಿ ನಿಲ್ಲುತ್ತಿತ್ತು, ನೀರು ನಿಂತರೆ ಯಾವ ಸೀಟಿಯೂ ಹಾಡುವುದಿಲ್ಲ. ತಿಂಡಿಯ ಮೇಜು ಖಾಲಿ ಮಾಡಿಸಿ, ಅದನ್ನೇ ಪೈಪಿನ ಕೆಳಗೆ ಇಳಿಜಾರಾಗಿ ಕೊಟ್ಟೆವು. ನಿಂತ ನೀರನ್ನೆಲ್ಲ ಬಿಟ್ಟು, ಪೈಪು ಕೈ ಮುಟ್ಟಲಾಗದಷ್ಟು ಕಾಯುವವರೆಗೆ ಆವಿ ಹರಿಸಿದೆ. ಐದಕ್ಕೆ ಐದು ನಿಮಿಷ ಇತ್ತು.

ಐದು ಗಂಟೆ

ಸೀಟಿಯ ವಾಲ್ವಿಗೆ ಕಟ್ಟಿದ್ದ ಹಗ್ಗವನ್ನು ವಾಲ್ಟರ್ ಕೈಗೆ ಕೊಟ್ಟೆ. ಅವರು ಕಿವಿಯ ಯಂತ್ರ ಎರಡನ್ನೂ ತೆಗೆದು ಜೇಬಿಗೆ ಹಾಕಿಕೊಂಡರು. ಅಪ್ಪಾ, ತೆಗೆದರೆ ಕೇಳುವುದಿಲ್ಲ ಎಂದು ಜಾನೆಟ್ ಹೇಳಿದ್ದೂ ಅವರಿಗೆ ಕೇಳಲಿಲ್ಲ. ಸರಿಯಾಗಿ ಐದಕ್ಕೆ ಹಗ್ಗ ಎಳೆದರು.

ಅದು ಕೂಗಿತು. ಮೊದಲು ಕೀರಲಾಗಿ, ಆಮೇಲೆ ದಪ್ಪಗೆ, ತುಂಬುಗಂಟಲಲ್ಲಿ. ಗುಡ್ಡಕ್ಕೆ ಬಡಿದು ವಾಪಸ್ಸು ಬಂತು. ವಾಲ್ಟರ್ ಹಗ್ಗ ಬಿಡಲೇ ಇಲ್ಲ, ಆವಿ ಇಳಿದು ಇಳಿದು ದನಿ ತಾನಾಗಿ ಕರಗುವವರೆಗೂ ಹಿಡಿದೇ ಇದ್ದರು.

ಆಮೇಲೆ ಆದದ್ದನ್ನು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಮುದುಕರು ಒಬ್ಬೊಬ್ಬರಾಗಿ ಕುರ್ಚಿಯಿಂದ ಎದ್ದರು. ಕೋಲು ಊರಿಕೊಂಡು, ಒಬ್ಬರನ್ನೊಬ್ಬರು ಹಿಡಿದುಕೊಂಡು, ಹುಲ್ಲಿನಲ್ಲಿ ದಾರಿ ಮಾಡಿಕೊಂಡು ತಮ್ಮ ತಮ್ಮ ಕಲ್ಲು ಮೆಟ್ಟಿಲುಗಳ ಕಡೆ ನಡೆದರು. ಪಾಳಿ ಮುಗಿದಿತ್ತು, ಮನೆಗೆ ಹೊರಟಿದ್ದರು. ಒಬ್ಬ ಅಜ್ಜಿ ಮೆಟ್ಟಿಲು ಹತ್ತುವ ಮೊದಲು ಕಾಲು ಒರೆಸಿಕೊಂಡಳು. ನನ್ನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ.

ಆದರೆ ಇದನ್ನೆಲ್ಲ ನಾನು ನೋಡಿದ್ದು ಸ್ವಲ್ಪ ತಡವಾಗಿ, ತಿರುಗಿ ನಿಂತ ಮೇಲೆ. ಸೀಟಿ ಕೂಗಿದ್ದೇ ತಡ, ನಾನು ಅಂಗಿಯ ಜೇಬಿನಲ್ಲಿ ಗೇಟ್ ಪಾಸು ತಡಕುತ್ತಾ ಎಲ್ಲರಿಗೂ ಎದುರು ದಿಕ್ಕಿನಲ್ಲಿ ಬಿರಬಿರನೆ ನಡೆದುಬಿಟ್ಟಿದ್ದೆ. ಎಚ್ಚರವಾದಾಗ ಬಾಯ್ಲರಿನ ಪೀಠದ ಎದುರು ನಿಂತಿದ್ದೆ. ಇಡೀ ಎಡ್ನಾ ಮನೆಗೆ ಹೊರಟಿತ್ತು, ಮುಂದಿನ ಪಾಳಿಗೆ ಬಂದವನು ನಾನೊಬ್ಬನೇ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪರಮೇಶಿ, ಓವರ್‌ಟೈಮ್ ಸಿಗಲ್ಲ ಕಣೋ ಎಂದು ಅಲ್ಲಿಂದಲೇ ಕೂಗಿದರು.

ವಾಪಸ್ಸು ಬಂದಾಗ ವಾಲ್ಟರ್ ತಮ್ಮ ಮೆಟ್ಟಿಲ ಮೇಲೆ ಕುಳಿತಿದ್ದರು. ಸೀಟಿ ಕೇಳಿಸಿತೇ ಎಂದು ಸನ್ನೆ ಮಾಡಿ ಕೇಳಿದೆ. ಕೇಳಿಸಿತು, ಅಪ್ಪನದು ಇದಕ್ಕಿಂತ ಸ್ವಲ್ಪ ದಪ್ಪ ಇತ್ತು ಎಂದು ತಪ್ಪು ತೆಗೆದರು. ಆಮೇಲೆ ನಾನು ಹೋಗಿ ನಿಂತಿದ್ದ ಕಡೆ ಗದ್ದ ಎತ್ತಿ ತೋರಿಸಿ ನಕ್ಕರು.

"ನನ್ನ ಪಾಳಿ ಮುಗೀತು. ನಿನ್ನದು ಇನ್ನೂ ಇದೆ. ಹೋಗು."

ಭದ್ರಾವತಿ

ಮನೆಗೆ ಬಂದಾಗ ನಾನು ಸೂಟ್‌ಕೇಸು ಇಳಿಸುವ ಮೊದಲೇ ಸರೋಜ ನನ್ನ ಉಗುರು ನೋಡಿದಳು. ಸಂದಿಯಲ್ಲಿ ಬೆಳ್ಳಿಬಣ್ಣ ಇನ್ನೂ ಸ್ವಲ್ಪ ಉಳಿದಿತ್ತು.

"ಯಾವ ಮಿಷಿನ್ ಬಿಚ್ಚಿದ್ರಿ?" ಎಂದಳು.

ಎಲ್ಲವನ್ನೂ ಹೇಳಿದೆ. ಕೋಳಿ ಫಾರಂವರೆಗೆ ನಗುತ್ತಿದ್ದವಳು, ಸೀಟಿ ಊದದ ಆ ಕೊನೆಯ ದಿನದ ಕತೆಗೆ ನಗು ನಿಲ್ಲಿಸಿದಳು. ನಮ್ಮೂರಿನಲ್ಲಿ ಆಗ ಕಾರ್ಖಾನೆ ಮುಚ್ಚುತ್ತಾರಂತೆ ಎಂಬ ಮಾತು ದಿನಾ ಬೆಳಗ್ಗೆ ಹಾಲಿನ ಜೊತೆ ಬಾಗಿಲಿಗೆ ಬರುತ್ತಿತ್ತು. ಎರಡನ್ನೂ ಕಾಯಿಸಿ ಕುಡಿದು ನಾವು ಕೆಲಸಕ್ಕೆ ಹೋಗುತ್ತಿದ್ದೆವು. ನಮ್ಮ ಮನೆ ಇಟ್ಟಿಗೆದು, ಹೊತ್ಕೊಂಡು ಹೋಗೋಕೂ ಬರಲ್ಲ ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು.

ಮರುದಿನ ನನಗೆ ಬೆಳಗಿನ ಪಾಳಿ. ಎಂದಿನಂತೆ ಸೈಕಲ್ ಹತ್ತಿ ಹೊರಟೆ. ಗೇಟು ಕಾಣುವಷ್ಟರಲ್ಲಿ ಸೈರನ್ ಶುರುವಾಯಿತು. ಇಷ್ಟು ವರ್ಷ ಅದು ಕೂಗಿದ ಕೂಡಲೇ ಪೆಡಲ್ ಒತ್ತುತ್ತಿದ್ದೆನೇ ಹೊರತು ಅದನ್ನು ಕೇಳಿದ್ದೇ ಇಲ್ಲ ಎಂದು ಹೊಳೆಯಿತು. ಸೈಕಲ್ಲಿನಿಂದ ಇಳಿದೆ. ರಸ್ತೆ ಬದಿ ನಿಂತು, ಮೊದಲಿನಿಂದ ಕೊನೆಯವರೆಗೆ, ದನಿ ಇಳಿದು ಇಳಿದು ಭದ್ರಾ ಹೊಳೆಯ ಕಡೆ ಕರಗಿಹೋಗುವವರೆಗೂ ಕೇಳಿದೆ. ಅಕ್ಕಪಕ್ಕದಲ್ಲಿ ಸೈಕಲ್ಲುಗಳು ಹಾರಿಹೋಗುತ್ತಿದ್ದವು. ಚೈನ್ ಬಿತ್ತೇನ್ರಿ ಎಂದು ಹಾಲಿನವನು ಕೇಳಿಕೊಂಡು ಹೋದ.

ಟೈಮ್ ಆಫೀಸಿನ ರಾಜೇಂದ್ರನ್ ನನ್ನ ಕಾರ್ಡನ್ನು ನೋಡಿ, ಗಡಿಯಾರವನ್ನು ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ನನಗೆ ಒಂದೂ ಲೇಟ್ ಮಾರ್ಕ್ ಇರಲಿಲ್ಲ.

"ಏನ್ ಪರಮೇಶ್ವರಪ್ಪ, ಇನ್ನೂ ಅಮೆರಿಕಾ ಟೈಮಾ?"

"ಸೈರನ್ ಕೇಳ್ತಾ ನಿಂತ್ಬಿಟ್ಟೆ ಸಾರ್."

ಸೈರನ್ ಕೇಳಿ ಲೇಟಾದವನನ್ನು ತಮ್ಮ ಸರ್ವೀಸಿನಲ್ಲೇ ನೋಡಿಲ್ಲ ಎಂದು ಅವರು ತಮಿಳಿನಲ್ಲಿ ಪಕ್ಕದವನಿಗೆ ಹೇಳಿ, ಕೆಂಪು ಪೆನ್ನು ತೆಗೆದು ಕಾರ್ಡಿನ ಮೇಲೆ ಗುರುತು ಹಾಕಿದರು. ನಾನು ಅದರ ಪಕ್ಕ ಸಹಿ ಮಾಡಿ, ಊಟದ ಡಬ್ಬಿ ಹಿಡಿದುಕೊಂಡು ಗೇಟಿನೊಳಗೆ ಹೋದೆ. ನನ್ನ ಪಾಳಿ ಇನ್ನೂ ಇತ್ತು.